ಮೆದುಳಿನ ಯಾವ ಭಾಗಕ್ಕೆ ಯಾವ ಕೆಲಸ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೊಪ್ಪಳ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹತ್ತನೇ ತರಗತಿಯಲ್ಲಿ ನರಮಂಡಲದ ಪಾಠ ಬಂದಾಗ ಮಕ್ಕಳು ಕೇಳುವ ಪ್ರಶ್ನೆಗಳು ಇಲ್ಲಿವೆ. ಆ ಮಕ್ಕಳ ಮನೆಯವರು ಸಂತೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ನಿಲ್ಲಿಸಿ ಕೇಳುವವೂ ಇವೆ. ಭಾಗಗಳ ಹೆಸರು ಸರಿಯಾಗಿ ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ, ಅದು ಸರಿಯೇ. ಆದರೆ ಮನೆಯಲ್ಲಿ ಅಜ್ಜನ ಮಾತು ಇದ್ದಕ್ಕಿದ್ದಂತೆ ತೊದಲಿದಾಗ, ಮಾತು ಮೆದುಳಿನ ಕೆಲಸ ಎಂದು ಗೊತ್ತಿದ್ದವರು ಬೇಗ ಆಸ್ಪತ್ರೆ ಮುಟ್ಟುತ್ತಾರೆ. ಹಾಗಾಗಿ ಒಂದೊಂದು ಭಾಗ ಏನು ಮಾಡುತ್ತದೆ ಎನ್ನುವುದರ ಜೊತೆಗೆ, ಅದು ಕೆಟ್ಟರೆ ಹೊರಗೆ ಏನು ಕಾಣುತ್ತದೆ ಎನ್ನುವುದನ್ನೂ ಬರೆದಿದ್ದೇನೆ.

ಸರ್, ಮೆದುಳಿನ್ಯಾಗ ಒಟ್ಟು ಎಷ್ಟು ಭಾಗ ಅದಾವ್ರಿ?

ಅದು ಎಣಿಸುವ ರೀತಿಯ ಮೇಲಿದೆ. ಪಠ್ಯದಲ್ಲಿ ಮುಮ್ಮೆದುಳು, ಮಧ್ಯಮೆದುಳು, ಹಿಮ್ಮೆದುಳು ಎಂದು ಮೂರು. ಭ್ರೂಣದಲ್ಲಿ ಮೆದುಳು ಮೊದಲು ಮೂರು ಉಬ್ಬುಗಳಾಗಿ ಮೂಡುವುದರಿಂದ ಈ ವಿಂಗಡಣೆ ಬಂದಿದೆ. ಬೆಳೆದ ಮೆದುಳನ್ನು ಕೈಯಲ್ಲಿ ಹಿಡಿದು ನೋಡಿದರೆ ಕಣ್ಣಿಗೆ ಬೇರೆ ಮೂರು ಭಾಗ ಕಾಣುತ್ತವೆ: ಮೇಲೆ ದೊಡ್ಡದಾಗಿ ಹರಡಿದ ಮಹಾಮಸ್ತಿಷ್ಕ, ಹಿಂದೆ ಕೆಳಗೆ ಅನುಮಸ್ತಿಷ್ಕ ಅಂದರೆ ಕಿರುಮೆದುಳು, ಮತ್ತು ಇವೆರಡನ್ನೂ ಬೆನ್ನುಹುರಿಗೆ ಜೋಡಿಸುವ ಮೆದುಳುಕಾಂಡ. ಮಧ್ಯಮೆದುಳು, ಪಾನ್ಸ್, ಮೆಡುಲ್ಲಾ ಒಂದರ ಕೆಳಗೊಂದು ಸೇರಿದರೆ ಅದೇ ಕಾಂಡ. ಮಹಾಮಸ್ತಿಷ್ಕದ ಒಳಗೆ, ನಟ್ಟನಡುವೆ, ಥಲಾಮಸ್ ಮತ್ತು ಹೈಪೋಥಲಾಮಸ್ ಅಡಗಿವೆ. ಎರಡು ಲೆಕ್ಕವೂ ಸರಿ. ಪರೀಕ್ಷೆಯಲ್ಲಿ ಪಠ್ಯದ ಲೆಕ್ಕವನ್ನೇ ಬರೆಯಿರಿ.

ದೊಡ್ಡವರ ಮೆದುಳು ಸುಮಾರು 1,300ರಿಂದ 1,400 ಗ್ರಾಂ ತೂಗುತ್ತದೆ. ದೇಹದ ತೂಕದಲ್ಲಿ ಇದು ಶೇ. 2ರಷ್ಟು ಮಾತ್ರ. ಆದರೆ ನಾವು ಸುಮ್ಮನೆ ಕೂತಿದ್ದಾಗ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೇ ಒಂದು ಪಾಲು ಇದಕ್ಕೇ ಬೇಕು. ಈ ಒಂದು ಸಂಗತಿಯನ್ನು ನೆನಪಿಡಿ, ಲಕ್ವದ ಪ್ರಶ್ನೆಗೆ ಬಂದಾಗ ಬೇಕಾಗುತ್ತದೆ.

ಚಿತ್ರದಲ್ಲಿ ನೋಡಿದರೆ ತಿಳಿಯುವುದಿಲ್ಲ. ನಿಜವಾದ ಮೆದುಳನ್ನು ಶಾಲೆಯಲ್ಲಿ ತೋರಿಸಬಹುದೇ?

ತೋರಿಸಬಹುದು, ತೋರಿಸಲೇಬೇಕು ಎಂದು ನನ್ನ ಅಭಿಪ್ರಾಯ. ನಮ್ಮದು ಕುರಿಯ ಸೀಮೆ. ಕೆಂಗುರಿ, ಬಳ್ಳಾರಿ ತಳಿಯ ಕುರಿಗಳು ಮನೆಮನೆಗೂ ಗೊತ್ತು. ಮಟನ್ ಅಂಗಡಿಯಲ್ಲಿ ಮೊದಲೇ ಹೇಳಿಟ್ಟರೆ ಬುರುಡೆ ಒಡೆಯುವಾಗ ಜೋಪಾನವಾಗಿ ಇಡಿಯಾಗಿ ತೆಗೆದುಕೊಡುತ್ತಾರೆ. ಹಸಿಯಾಗಿದ್ದಾಗ ಅದು ಎಷ್ಟು ಮೆತ್ತಗೆ ಇರುತ್ತದೆಂದರೆ ತಟ್ಟೆಯ ಮೇಲಿಟ್ಟ ಕೂಡಲೇ ತನ್ನ ಭಾರಕ್ಕೆ ತಾನೇ ಹರಡಿಕೊಳ್ಳುತ್ತದೆ. ಮಕ್ಕಳು ಮೊದಲು ಬೆರಗಾಗುವುದು ಇದಕ್ಕೇ. ಗಟ್ಟಿಯಾದ ಬುರುಡೆ ಯಾಕೆ ಬೇಕಾಯಿತು ಎಂದು ಆಮೇಲೆ ಹೇಳಬೇಕಾಗುವುದಿಲ್ಲ. ಕೆಲವು ದಿನ ಸ್ಪಿರಿಟ್‌ನಲ್ಲಿ ಇಟ್ಟರೆ ಕತ್ತರಿಸುವಷ್ಟು ಬಿಗಿಯಾಗುತ್ತದೆ. ಕೈಗವಸು ಹಾಕಿಕೊಳ್ಳಿ.

ಮೇಲೆ ತೆಳುವಾದ, ರಕ್ತನಾಳಗಳು ಹಬ್ಬಿದ ಪೊರೆಯಿದೆ. ಅದನ್ನು ಚಿಮಟಿಯಿಂದ ಎಳೆದರೆ ಮಡಿಕೆ ಮಡಿಕೆಯಾದ ಮಹಾಮಸ್ತಿಷ್ಕ ಕಾಣುತ್ತದೆ. ನಡುವಿನ ಸೀಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ಅಗಲಿಸಿದರೆ ತಳದಲ್ಲಿ ಬಿಳಿಯ ಪಟ್ಟಿಯೊಂದು ಎರಡೂ ಬದಿಯನ್ನು ಕೂಡಿಸಿಕೊಂಡಿದೆ, ಅದು ಕಾರ್ಪಸ್ ಕಲೋಸಮ್. ಮಗುಚಿ ಹಾಕಿದರೆ ಮುಂದೆ ವಾಸನೆಯ ಎರಡು ಉಬ್ಬುಗಳಿವೆ. ಕುರಿಯಲ್ಲಿ ಇವು ದಪ್ಪ, ಮನುಷ್ಯನಲ್ಲಿ ತೀರಾ ಸಣ್ಣವು. ಅಲ್ಲೇ ಹಿಂದೆ ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗ ಇದೆ. ಕೊನೆಗೆ ಕಿರುಮೆದುಳನ್ನು ನಡುವೆ ಸೀಳಿ. ಬೂದುಬಣ್ಣದ ನಡುವೆ ಬಿಳಿಯ ಕೊಂಬೆಗಳು ಕವಲೊಡೆದು ನಿಂತಿರುತ್ತವೆ. ಹಳೆಯ ಅಂಗರಚನಾಕಾರರು ಅದನ್ನು ಜೀವವೃಕ್ಷ ಎಂದು ಕರೆದರು. ಬೂದುಬಣ್ಣದ್ದು ನರಕೋಶಗಳ ಒಡಲು ಸೇರಿರುವ ಜಾಗ, ಬಿಳಿಯದು ಅವುಗಳ ಉದ್ದನೆಯ ಎಳೆಗಳು. ಒಂದು ವ್ಯತ್ಯಾಸ ಮಕ್ಕಳಿಗೆ ಹೇಳಲೇಬೇಕು: ಕುರಿಯ ಕಿರುಮೆದುಳು ಮಹಾಮಸ್ತಿಷ್ಕದ ಹಿಂದಿದೆ, ನಮ್ಮದು ಅದರ ಕೆಳಗೆ ಸರಿದಿದೆ. ನಾವು ನೆಟ್ಟಗೆ ನಿಂತವರು, ಮೇಲಾಗಿ ನಮ್ಮ ಮಹಾಮಸ್ತಿಷ್ಕ ಹಿಂದಕ್ಕೆ ಬೆಳೆದು ಅದನ್ನು ಮುಚ್ಚಿಕೊಂಡಿದೆ.

ಮಹಾಮಸ್ತಿಷ್ಕದ ನಾಲ್ಕು ಹಾಲೆಗಳ ಕೆಲಸವೇನು?

ಮಹಾಮಸ್ತಿಷ್ಕದ ಹೊರಪದರ 2ರಿಂದ 4 ಮಿಲಿಮೀಟರ್ ದಪ್ಪ, ಅಷ್ಟೇ. ಆ ತೆಳುವಾದ ಪದರದಲ್ಲೇ ನಮ್ಮ ನೋಟ, ಮಾತು, ಯೋಚನೆ ಎಲ್ಲ ನಡೆಯುತ್ತವೆ. ಬುರುಡೆಯೊಳಗೆ ಹೆಚ್ಚು ಪದರ ಹಿಡಿಸಲೆಂದೇ ಈ ಮಡಿಕೆಗಳು.

ಹಣೆಯ ಹಿಂದಿನದು ಮುಂಭಾಗದ ಹಾಲೆ. ಏನು ಮಾಡಬೇಕು, ಏನು ಮಾಡಬಾರದು ಎಂದು ತೂಗುವುದು, ಮುಂದಿನದನ್ನು ಯೋಜಿಸುವುದು, ನಾಲಿಗೆ ಬಿಗಿಹಿಡಿಯುವುದು ಇದರ ಕೆಲಸ. ಇದರ ಹಿಂದಿನ ಅಂಚಿನಲ್ಲಿ ಕೈಕಾಲುಗಳಿಗೆ ಚಲಿಸಲು ಆಜ್ಞೆ ಕೊಡುವ ಪಟ್ಟಿಯಿದೆ. ನೆತ್ತಿಯ ಹತ್ತಿರದ ಪಾರ್ಶ್ವ ಹಾಲೆ ಸ್ಪರ್ಶ, ನೋವು, ಬಿಸಿ ತಣ್ಣಗೆ, ಕೈಕಾಲು ಎಲ್ಲಿದೆ ಎಂಬ ಅರಿವನ್ನು ನೋಡಿಕೊಳ್ಳುತ್ತದೆ. ಜೇಬಿಗೆ ಕೈ ಹಾಕಿ ನೋಡದೆಯೇ ಎರಡು ರೂಪಾಯಿ ನಾಣ್ಯ ಯಾವುದು, ಐದರದ್ದು ಯಾವುದು ಎಂದು ಗುರುತಿಸುತ್ತೀರಲ್ಲ, ಅದು ಈ ಹಾಲೆಯ ಕೆಲಸ. ಚಲನೆಯ ಪಟ್ಟಿ, ಸ್ಪರ್ಶದ ಪಟ್ಟಿ ಎರಡರಲ್ಲೂ ಬೆರಳು, ತುಟಿ, ನಾಲಿಗೆಗೆ ಬೆನ್ನಿಗಿಂತ ಎಷ್ಟೋ ಹೆಚ್ಚು ಜಾಗ ಮೀಸಲಾಗಿದೆ. ಇದನ್ನು ಕೆನಡಾದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್, ಎಚ್ಚರವಿದ್ದ ರೋಗಿಗಳ ಮೆದುಳಿಗೆ ಸಣ್ಣ ವಿದ್ಯುತ್ ಮುಟ್ಟಿಸಿ, 1930ರ ದಶಕದಲ್ಲಿ ನಕ್ಷೆ ಮಾಡಿದ.

ಕಿವಿಯ ಮೇಲೆ, ಕಪಾಲದ ಬದಿಗೆ ಇರುವ ಹಾಲೆ ಕೇಳಿದ್ದನ್ನು ಅರ್ಥ ಮಾಡಿಕೊಳ್ಳುತ್ತದೆ, ಮುಖ ಗುರುತಿಸಲು ನೆರವಾಗುತ್ತದೆ. ನೆನಪಿನ ಕೇಂದ್ರ ಇದರ ಒಳಮಗ್ಗುಲಲ್ಲಿದೆ. ತಲೆಯ ಹಿಂಬದಿಯದು ದೃಷ್ಟಿಯ ಹಾಲೆ. ಕಣ್ಣು ತಲೆಯ ಮುಂದಿದ್ದರೂ ನೋಟ ಮೂಡುವುದು ಹಿಂದೆ. ಅದಕ್ಕೇ ತಲೆಯ ಹಿಂಭಾಗಕ್ಕೆ ಏಟು ಬಿದ್ದಾಗ ಕಣ್ಣ ಮುಂದೆ ನಕ್ಷತ್ರ ಮಿನುಗುತ್ತವೆ.

ಮೆದುಳಿನ ಎಡಭಾಗ ಬಲಗೈಯನ್ನು ಆಳುತ್ತದೆ ಎನ್ನುತ್ತಾರೆ. ಯಾಕೆ ಅಡ್ಡಾದಿಡ್ಡಿ?

ಮೆದುಳಿನಿಂದ ಇಳಿಯುವ ಚಲನೆಯ ನರತಂತುಗಳಲ್ಲಿ ಬಹುಪಾಲು ಮೆಡುಲ್ಲಾದ ಕೆಳಭಾಗದಲ್ಲಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟುತ್ತವೆ. ಬಲಗೈ ಬಲಗಾಲು ಬಿದ್ದುಹೋದರೆ ತೊಂದರೆ ಸಾಮಾನ್ಯವಾಗಿ ಮೆದುಳಿನ ಎಡಭಾಗದಲ್ಲಿದೆ ಎಂದು ವೈದ್ಯರು ಹೇಳುವುದು ಇದರಿಂದ.

ಎಡ ಮೆದುಳಿನವರು ಗಣಿತದಲ್ಲಿ ಜಾಣರು, ಬಲ ಮೆದುಳಿನವರು ಕಲಾವಿದರು ಎನ್ನುವ ಮಾತು ಮಾತ್ರ ನಿಜವಲ್ಲ. ಎರಡು ಬದಿಗಳ ನಡುವೆ ಕೆಲಸದ ಹಂಚಿಕೆ ಇದೆ, ಅದನ್ನು ತೋರಿಸಿದ್ದಕ್ಕೇ ರೋಜರ್ ಸ್ಪೆರಿಗೆ 1981ರಲ್ಲಿ ನೊಬೆಲ್ ಬಂತು. ಆದರೆ ಆ ಎರಡನ್ನು ಕೂಡಿಸುವ ಬಿಳಿ ಪಟ್ಟಿಯಲ್ಲಿ ಸುಮಾರು 20 ಕೋಟಿ ತಂತುಗಳಿವೆ, ಯಾರ ತಲೆಯಲ್ಲೂ ಒಂದೇ ಬದಿ ಕೆಲಸ ಮಾಡುವುದಿಲ್ಲ. ಹೆಬ್ಬೆರಳಿನ ಗುರುತು ನೋಡಿ ನಿಮ್ಮ ಮಗುವಿನ ಮೆದುಳಿನ ಬಗೆ ಹೇಳುತ್ತೇವೆ ಎಂದು ಹಣ ಕೇಳುವವರು ಬಂದರೆ ಕೊಡಬೇಡಿ.

ಮಾತು ಮೆದುಳಿನ ಯಾವ ಜಾಗದಲ್ಲಿದೆ?

ಹೆಚ್ಚಿನವರಲ್ಲಿ ಎಡಭಾಗದಲ್ಲಿ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಒಬ್ಬ ರೋಗಿಯನ್ನು ಕಂಡ. ಹೇಳಿದ್ದು ಆತನಿಗೆ ತಿಳಿಯುತ್ತಿತ್ತು, ಬಾಯಿಂದ ಬರುತ್ತಿದ್ದದ್ದು ಮಾತ್ರ ‘ಟಾನ್’ ಎಂಬ ಒಂದೇ ಸದ್ದು. ಆತ ತೀರಿಕೊಂಡ ಮೇಲೆ ನೋಡಿದರೆ ಎಡ ಮುಂಭಾಗದ ಹಾಲೆಯ ಒಂದು ತುಣುಕು ಹಾಳಾಗಿತ್ತು. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇದರ ವಿರುದ್ಧದ ಸ್ಥಿತಿಯನ್ನು ವಿವರಿಸಿದ: ಮಾತು ಸರಾಗ, ಆದರೆ ಅರ್ಥವಿಲ್ಲ, ಬೇರೆಯವರು ಹೇಳಿದ್ದೂ ತಿಳಿಯದು. ಅಲ್ಲಿ ಕೆಟ್ಟದ್ದು ಎಡ ಕಿವಿಯ ಮೇಲಿನ ಹಾಲೆಯ ಹಿಂಭಾಗ.

ನಮ್ಮ ಕಡೆ ಮನೆಯಲ್ಲಿ ಲಂಬಾಣಿಯೋ ತೆಲುಗೋ ಉರ್ದುವೋ ಮಾತಾಡಿ, ಓಣಿಯಲ್ಲಿ ಕನ್ನಡ ಮಾತಾಡುವ ಮಕ್ಕಳು ಬಹಳ. ಎರಡು ಮೂರು ಭಾಷೆ ಕಲಿತರೆ ಮೆದುಳಿಗೆ ಗೊಂದಲವಾಗುತ್ತದೆಯೇ ಎಂದು ತಾಯಂದಿರು ಕೇಳುತ್ತಾರೆ. ಆಗುವುದಿಲ್ಲ, ಧೈರ್ಯವಾಗಿ ಮನೆಮಾತು ಆಡಿಸಿ. ಲಕ್ವ ಹೊಡೆದು ಮಾತು ಹೋದವರಲ್ಲಿ ಕೆಲವೊಮ್ಮೆ ಒಂದು ಭಾಷೆ ಮೊದಲು ಮರಳಿ, ಇನ್ನೊಂದು ತಡವಾಗಿ ಬರುವುದುಂಟು. ಹಾಗಾಗಿ ಅಂಥವರೊಡನೆ ಅವರಿಗೆ ಗೊತ್ತಿರುವ ಎಲ್ಲ ಭಾಷೆಯಲ್ಲೂ ಮಾತಾಡಿಸಿ ನೋಡಿ.

ಲಕ್ವ ಹೊಡೆಯುವುದು ಮೈಗೋ ಮೆದುಳಿಗೋ?

ಮೆದುಳಿಗೆ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಬಿಡುವಿದ್ದರೆ ಇದನ್ನೇ ಓದಿ.

ಕೈಕಾಲು ಬಿದ್ದುಹೋಗುವುದರಿಂದ ಜನ ಅದನ್ನು ಕೈಕಾಲಿನ ರೋಗ ಎಂದುಕೊಂಡು ಎಣ್ಣೆ ತಿಕ್ಕುತ್ತಾರೆ, ನಾಟಿ ಔಷಧಕ್ಕೆ ಹೋಗುತ್ತಾರೆ. ಕೈಕಾಲಿಗೆ ಏನೂ ಆಗಿರುವುದಿಲ್ಲ. ಮೆದುಳಿನ ಒಂದು ರಕ್ತನಾಳ ಕಟ್ಟಿಕೊಂಡಿರುತ್ತದೆ, ಇಲ್ಲವೇ ಒಡೆದಿರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಒಂದು ಉಪಕಾಲುವೆಯಲ್ಲಿ ಹೂಳು ಕಟ್ಟಿಕೊಂಡರೆ ಅದರ ಕೆಳಗಿನ ಗದ್ದೆಗಳಷ್ಟೇ ಒಣಗುತ್ತವೆ, ಪಕ್ಕದ ಉಪಕಾಲುವೆಯ ಗದ್ದೆ ಹಸಿರಾಗೇ ಇರುತ್ತದೆ. ಯಾವ ಗದ್ದೆ ಒಣಗಿತು ಎಂದು ನೋಡಿದರೆ ಯಾವ ಕಾಲುವೆ ಕಟ್ಟಿತು ಎಂದು ಹೇಳಬಹುದು. ವೈದ್ಯರು ಮಾಡುವುದೂ ಅದನ್ನೇ. ಬಲಗೈ ಮತ್ತು ಮಾತು ಒಟ್ಟಿಗೆ ಹೋದರೆ ಎಡಭಾಗದ ದೊಡ್ಡ ನಾಳ. ಎಡಗೈ ಬಿದ್ದಿದ್ದರೂ ‘ನನಗೇನೂ ಆಗಿಲ್ಲ ಬಿಡ್ರಿ’ ಎನ್ನುತ್ತಾ, ಎಡಬದಿಯಲ್ಲಿ ನಿಂತವರನ್ನು ಗಮನಿಸದೇ ಹೋದರೆ ಬಲಭಾಗ. ಕಣ್ಣು ಚೆನ್ನಾಗಿದ್ದೂ ಅರ್ಧ ನೋಟ ಹೋದರೆ ಹಿಂಭಾಗದ ನಾಳ. ಇದ್ದಕ್ಕಿದ್ದಂತೆ ತಲೆಸುತ್ತು, ವಾಂತಿ, ನಿಲ್ಲಲಾಗದೆ ಒಂದು ಕಡೆ ವಾಲುವುದು, ಇವು ಕಿರುಮೆದುಳಿನ ಲಕ್ವ ಇರಬಹುದು. ಇದನ್ನು ಪಿತ್ತ ಎಂದು ನಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸಿಬಿಡುತ್ತಾರೆ, ಅದು ಅಪಾಯ.

ಮನೆಯಲ್ಲಿ ನೋಡಬೇಕಾದದ್ದು ಮೂರು. ನಗಲು ಹೇಳಿ, ಬಾಯಿ ಒಂದು ಕಡೆ ಸೊಟ್ಟಗಾಗುತ್ತದೆಯೇ? ಎರಡೂ ಕೈ ಮುಂದೆ ಚಾಚಲು ಹೇಳಿ, ಒಂದು ಕೆಳಗಿಳಿಯುತ್ತದೆಯೇ? ಹೆಸರು, ಊರು ಕೇಳಿ, ಮಾತು ತೊದಲುತ್ತದೆಯೇ? ಒಂದಿದ್ದರೂ 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾದದ್ದು, ಬೇಗ ಕೊಟ್ಟಷ್ಟೂ ಗುಣ ಹೆಚ್ಚು. ಮೆದುಳಿಗೆ ಆಮ್ಲಜನಕ ಎಷ್ಟು ಬೇಕು ಎಂದು ಮೊದಲೇ ಹೇಳಿದೆನಲ್ಲ, ದೊಡ್ಡ ನಾಳ ಕಟ್ಟಿಕೊಂಡಾಗ ಅದು ಸಿಗದೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜಿದೆ. ಲಕ್ಷಣ ಶುರುವಾದ ಹೊತ್ತನ್ನು ಚೀಟಿಯಲ್ಲಿ ಬರೆದುಕೊಳ್ಳಿ, ವೈದ್ಯರು ಮೊದಲು ಕೇಳುವುದು ಅದನ್ನೇ. ದಾರಿಯಲ್ಲಿ ನೀರು, ಎಳನೀರು, ಮಾತ್ರೆ ಏನೂ ಬೇಡ, ನುಂಗುವ ನರ ಕೆಟ್ಟಿದ್ದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆಯನ್ನೂ ಸ್ಕ್ಯಾನ್ ಆಗುವವರೆಗೆ ಕೊಡಬೇಡಿ. ನಾಳ ಒಡೆದಿದ್ದರೆ ಅದು ಇನ್ನಷ್ಟು ಕೆಡುಕು ಮಾಡುತ್ತದೆ.

ಲಕ್ಷಣ ಹತ್ತು ನಿಮಿಷದಲ್ಲಿ ತಾನಾಗಿಯೇ ಹೋಯಿತು ಎಂದು ಸುಮ್ಮನಾಗಬೇಡಿ. ಅದು ದೊಡ್ಡದರ ಮುನ್ಸೂಚನೆ ಇರಬಹುದು. ಬಿ.ಪಿ. ಮಾತ್ರೆಯನ್ನು ‘ಈಗ ಆರಾಮ ಐತಿ’ ಎಂದು ನಿಲ್ಲಿಸುವವರಿಗೂ ಇದೇ ಮಾತು.

ಕಿರುಮೆದುಳು ಇಲ್ಲದಿದ್ದರೆ ನಡೆಯಲಾಗುವುದಿಲ್ಲವೇ?

ನಡೆಯಬಹುದು, ಆದರೆ ತೂರಾಡುತ್ತಾ. ಚಲನೆಗೆ ಆಜ್ಞೆ ಕೊಡುವುದು ಮಹಾಮಸ್ತಿಷ್ಕ. ಅದು ಎಷ್ಟು ಜೋರಾಗಿ, ಎಷ್ಟು ದೂರ, ಯಾವಾಗ ನಿಲ್ಲಬೇಕು ಎಂದು ತಿದ್ದುವುದು ಕಿರುಮೆದುಳು. ಸೈಕಲ್ ಕಲಿತ ಮೇಲೆ ಮರೆಯದಿರುವುದು, ರೊಟ್ಟಿ ಬಡಿಯುವ ಕೈ ನೋಡದೆಯೇ ದುಂಡಗೆ ತಿರುಗಿಸುವುದು, ಇದರಲ್ಲಿ ಅದರ ಪಾಲು ದೊಡ್ಡದು. ಮೆದುಳಿನ ತೂಕದ ಹತ್ತರಲ್ಲೊಂದು ಪಾಲು ಮಾತ್ರ ಇರುವ ಈ ಭಾಗದಲ್ಲಿ, ಒಟ್ಟು ಸುಮಾರು 8,600 ಕೋಟಿ ನರಕೋಶಗಳ ಪೈಕಿ 6,900 ಕೋಟಿಯಷ್ಟು ತುಂಬಿಕೊಂಡಿವೆ. ಹೆಂಡ ಕುಡಿದವರು ಮೊದಲು ಹೆಜ್ಜೆ ತಪ್ಪುವುದು, ನಾಲಿಗೆ ಹೊರಳದಿರುವುದು ಇದರ ಮೇಲಿನ ಪೆಟ್ಟಿನಿಂದ. ವರ್ಷಗಟ್ಟಲೆ ಕುಡಿದರೆ ಅಲ್ಲಿನ ನರಕೋಶಗಳು ಶಾಶ್ವತವಾಗಿ ಸಾಯುತ್ತವೆ, ಕುಡಿಯದ ದಿನವೂ ನಡಿಗೆ ನೆಟ್ಟಗಾಗುವುದಿಲ್ಲ.

ಬಿಸಿಲು ಹೊಡೆದಾಗ ಜನ ಯಾಕೆ ಏನೇನೋ ಬಡಬಡಿಸುತ್ತಾರೆ?

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಆ ಬಿಸಿಲಲ್ಲೇ ಭತ್ತದ ಕೊಯ್ಲು, ಉದ್ಯೋಗ ಖಾತ್ರಿಯ ಹೂಳೆತ್ತುವ ಕೆಲಸ ನಡೆಯುತ್ತವೆ. ಮೈಯ ಉಷ್ಣವನ್ನು 37 ಡಿಗ್ರಿಯ ಆಸುಪಾಸಿನಲ್ಲಿ ಇಡುವುದು ಹೈಪೋಥಲಾಮಸ್. ತೂಕ ಬರೀ 4 ಗ್ರಾಂ. ತನ್ನ ಮೂಲಕ ಹರಿಯುವ ರಕ್ತದ ಬಿಸಿಯನ್ನು ಅದು ಅಳೆಯುತ್ತಲೇ ಇರುತ್ತದೆ. ಬಿಸಿ ಏರಿದರೆ ಚರ್ಮದ ರಕ್ತನಾಳ ಹಿಗ್ಗಿಸುತ್ತದೆ, ಬೆವರು ತರಿಸುತ್ತದೆ, ಬಾಯಾರಿಕೆ ಹುಟ್ಟಿಸುತ್ತದೆ. ಹಸಿವು, ನಿದ್ದೆಯ ಹೊತ್ತು ಕೂಡ ಇದರ ಕೈಯಲ್ಲೇ ಇವೆ. ಕೆಳಗೆ ತೂಗಿಕೊಂಡಿರುವ ಪಿಟ್ಯುಟರಿ ಗ್ರಂಥಿಯನ್ನು ಆಳುವುದೂ ಇದೇ.

ಬೆವರಾಗಿ ಹೋದ ನೀರು ಮರಳಿ ಸಿಗದಿದ್ದರೆ ಈ ವ್ಯವಸ್ಥೆ ಸೋಲುತ್ತದೆ. ಮೈ 40 ಡಿಗ್ರಿ ದಾಟಿದಾಗ ನರಕೋಶಗಳೇ ಬಿಸಿಗೆ ಕೆಡತೊಡಗುತ್ತವೆ. ಬಡಬಡಿಸುವುದು, ದಿಕ್ಕು ತಪ್ಪುವುದು, ಸಿಟ್ಟಾಗುವುದು, ಮೂರ್ಛೆ ಹೋಗುವುದು ಎಲ್ಲವೂ ಮೆದುಳು ಕೊಡುವ ಎಚ್ಚರಿಕೆ. ಬಿಸಿಗೆ ಎಲ್ಲಕ್ಕಿಂತ ಬೇಗ ಬಲಿಯಾಗುವ ಕೋಶಗಳಲ್ಲಿ ಕಿರುಮೆದುಳಿನವು ಸೇರಿವೆ. ಅದಕ್ಕೇ ಬದುಕುಳಿದ ಕೆಲವರು ಮುಂದೆಯೂ ತೂರಾಡುತ್ತಲೇ ನಡೆಯುತ್ತಾರೆ.

ಇದು ಜ್ವರವಲ್ಲ. ಜ್ವರದಲ್ಲಿ ಹೈಪೋಥಲಾಮಸ್ ತಾನೇ ಬೇಕೆಂದು ಮಟ್ಟ ಏರಿಸಿರುತ್ತದೆ, ಪ್ಯಾರಾಸಿಟಮಾಲ್ ಆ ಮಟ್ಟವನ್ನು ಇಳಿಸುತ್ತದೆ. ಬಿಸಿಲಿನ ಹೊಡೆತಕ್ಕೆ ಆ ಮಾತ್ರೆಯಿಂದ ಪ್ರಯೋಜನವಿಲ್ಲ. ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು ಗಾಳಿ ಬೀಸಿ. ಕುತ್ತಿಗೆ, ಕಂಕುಳಿಗೆ ತಣ್ಣನೆಯ ಬಟ್ಟೆ ಇಡಿ. ತಂಪು ಮಾಡುತ್ತಲೇ ಆಂಬುಲೆನ್ಸಿಗೆ ಕಾಯಿರಿ. ಎಚ್ಚರವಿಲ್ಲದವರ ಬಾಯಿಗೆ ಮಜ್ಜಿಗೆ ಸುರಿಯಬೇಡಿ.

ಮೆಡುಲ್ಲಾ ಕೆಟ್ಟರೆ ಸಾವೇ ಯಾಕೆ?

ಉಸಿರಾಟದ ಲಯ, ಎದೆಬಡಿತ, ರಕ್ತದೊತ್ತಡ, ನುಂಗುವುದು, ಕೆಮ್ಮುವುದು, ವಾಂತಿ ಇವುಗಳ ಕೇಂದ್ರಗಳೆಲ್ಲ ಅಲ್ಲಿವೆ. ಅದರ ಮೇಲಿನ ಪಾನ್ಸ್ ಮತ್ತು ಮಧ್ಯಮೆದುಳಿನಲ್ಲಿ ಎಚ್ಚರ ಕಾಯುವ ನರಜಾಲವಿದೆ. ಕಾಂಡ ಸತ್ತರೆ ಉಸಿರು ಯಂತ್ರದಿಂದ ಮಾತ್ರ, ಎಚ್ಚರ ಎಂದಿಗೂ ಮರಳುವುದಿಲ್ಲ.

‘ಎದೆ ಬಡೀತೈತಿ, ಮತ್ತ ಹೆಂಗ ಸತ್ತಾರ ಅಂತೀರಿ?’ ಎಂದು ಮನೆಯವರು ಕೇಳುವುದು ಸಹಜ, ಆ ಸಂಕಟ ದೊಡ್ಡದು. ಹೃದಯಕ್ಕೆ ತನ್ನದೇ ಲಯವಿದೆ. ಯಂತ್ರ ಆಮ್ಲಜನಕ ಕೊಡುವವರೆಗೆ ಅದು ಸ್ವಲ್ಪ ಕಾಲ ಬಡಿಯುತ್ತದೆ. ಅಂಗದಾನಕ್ಕೆ ಸಂಬಂಧಿಸಿದ 1994ರ ಕಾಯ್ದೆ ಮೆದುಳುಕಾಂಡದ ಸಾವನ್ನು ಸಾವೆಂದೇ ಒಪ್ಪುತ್ತದೆ. ನಾಲ್ವರು ವೈದ್ಯರ ತಂಡ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಘೋಷಿಸಬೇಕು. ಕರ್ನಾಟಕದಲ್ಲಿ ಅಂಗದಾನದ ಹೊಣೆ ಹೊತ್ತಿರುವುದು ‘ಜೀವಸಾರ್ಥಕತೆ’. ಕೋಮಾ ಬೇರೆ, ಅದರಿಂದ ಎಚ್ಚರಗೊಂಡವರಿದ್ದಾರೆ.

ಓದಿದ್ದು ಎಲ್ಲಿ ಉಳಿಯುತ್ತದೆ? ಯಾಕೆ ಮರೆತುಹೋಗುತ್ತದೆ?

ಹೊಸ ನೆನಪು ಕಟ್ಟುವುದು ಹಿಪೊಕ್ಯಾಂಪಸ್, ಕಿವಿಯ ಮೇಲಿನ ಹಾಲೆಯ ಒಳಮಗ್ಗುಲಲ್ಲಿ, ಎರಡೂ ಬದಿ ಒಂದೊಂದು. ಇದು ಜಗತ್ತಿಗೆ ಖಚಿತವಾದದ್ದು ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಂದ. ಗುಣವಾಗದ ಫಿಟ್ಸ್ ನಿಲ್ಲಿಸಲು 1953ರಲ್ಲಿ ಅವನ ಎರಡೂ ಬದಿಯ ಆ ಭಾಗ ತೆಗೆದರು. ಫಿಟ್ಸ್ ಕಡಿಮೆಯಾಯಿತು, ಆದರೆ ಅಂದಿನಿಂದ 2008ರಲ್ಲಿ ಸಾಯುವವರೆಗೆ ಅವನಿಗೆ ದಿನದ ಘಟನೆಗಳ ಹೊಸ ನೆನಪು ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಅವನಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದಲು ಕೊಟ್ಟರು. ದಿನದಿಂದ ದಿನಕ್ಕೆ ಕೈ ಪಳಗಿತು. ಹಿಂದಿನ ದಿನ ಅದನ್ನು ಮಾಡಿದ್ದೇನೆಂಬುದೇ ಅವನಿಗೆ ನೆನಪಿರಲಿಲ್ಲ! ಕೈಯ ನೆನಪು ಬೇರೆ, ಘಟನೆಯ ನೆನಪು ಬೇರೆ ಎಂದು ಹೀಗೆ ತಿಳಿಯಿತು.

ಪರೀಕ್ಷೆಯ ಹಿಂದಿನ ರಾತ್ರಿಯೆಲ್ಲ ಓದುವ ಮಕ್ಕಳಿಗೆ ನಾನು ಹೇಳುವುದು: ಹಿಪೊಕ್ಯಾಂಪಸ್ ಹಿಡಿದದ್ದನ್ನು ಹೊರಪದರಕ್ಕೆ ನಾಟಿಸುವ ಕೆಲಸ ಬಹುಮಟ್ಟಿಗೆ ನಿದ್ದೆಯಲ್ಲಿ ನಡೆಯುತ್ತದೆ. ನಿದ್ದೆಗೆಟ್ಟರೆ ಓದಿದ್ದಕ್ಕೇ ನಷ್ಟ. ಇದೇ ಭಾಗ ದಾರಿಯ ನಕ್ಷೆಯನ್ನೂ ಇಟ್ಟುಕೊಳ್ಳುತ್ತದೆ, ಆ ಶೋಧಕ್ಕೆ 2014ರ ನೊಬೆಲ್ ಸಂದಿತು. ಮರೆವಿನ ರೋಗ ಬಂದ ಹಿರಿಯರು ನಿನ್ನೆಯ ಊಟ ಮರೆತು, ತಿಳಿದ ಓಣಿಯಲ್ಲೇ ದಾರಿ ತಪ್ಪಿ, ಐವತ್ತು ವರ್ಷದ ಹಿಂದಿನ ಜಾತ್ರೆಯನ್ನು ಸ್ಪಷ್ಟವಾಗಿ ಹೇಳುವುದು ಯಾಕೆಂದು ಈಗ ತಿಳಿಯಿತಲ್ಲ. ಅವರು ಬೇಕೆಂದು ಹಾಗೆ ಮಾಡುತ್ತಿಲ್ಲ, ಗದರಬೇಡಿ.

ಮಗ ಹತ್ತನೇ ಕ್ಲಾಸಿಗೆ ಬಂದ ಮೇಲೆ ಮಾತು ಕೇಳುವುದಿಲ್ಲ. ಇದೂ ಮೆದುಳೇ?

ಒಂದಷ್ಟು ಹೌದು. ಭಯ, ಸಿಟ್ಟು ಹೊತ್ತಿಸುವ ಅಮಿಗ್ಡಲಾ ಬೇಗ ಬಲಿಯುತ್ತದೆ. ಅದಕ್ಕೆ ಲಗಾಮು ಹಾಕುವ ಮುಂಭಾಗದ ಹಾಲೆಯ ತುದಿ ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸಾಗುತ್ತದೆ. ಆ ಲಗಾಮು ಹೋದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆ ಫಿನಿಯಸ್ ಗೇಜ್. 1848ರಲ್ಲಿ ಅಮೆರಿಕದ ರೈಲುದಾರಿಯ ಕೆಲಸದಲ್ಲಿ ಬಂಡೆ ಸಿಡಿಸುವಾಗ ಸುಮಾರು ಮೂರೂವರೆ ಅಡಿಯ ಕಬ್ಬಿಣದ ಸಲಾಕೆ ಅವನ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಬದುಕಿದ, ನಡೆದ, ಮಾತಾಡಿದ. ಸ್ವಭಾವ ಮಾತ್ರ ಬದಲಾಯಿತು ಎಂದು ಅವನ ವೈದ್ಯ ಬರೆದಿಟ್ಟ. ನಿಮ್ಮ ಮಗನ ಹಾಲೆ ಆರೋಗ್ಯವಾಗಿದೆ, ಇನ್ನೂ ಬೆಳೆಯುತ್ತಿದೆ ಅಷ್ಟೇ. ಬೈಕ್ ಕೀ ಮಾತ್ರ ಕೊಡಬೇಡಿ.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆಯೇ?

ಇಲ್ಲ. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಅಷ್ಟರಲ್ಲಿ ಕೀಲಿಕೈ ಕೊಟ್ಟಿರುತ್ತಾರೆ, ಈರುಳ್ಳಿ ಮೂಸಿಸಿರುತ್ತಾರೆ, ಅದರಿಂದಲೇ ನಿಂತಿತು ಎನಿಸುತ್ತದೆ. ನರಕೋಶಗಳು ಒಮ್ಮೆಲೇ ಅತಿಯಾಗಿ ವಿದ್ಯುತ್ ಹರಿಸುವುದೇ ಫಿಟ್ಸ್. ಚಲನೆಯ ಪಟ್ಟಿಗೆ ಹಬ್ಬಿದರೆ ಕೈಕಾಲು ಅದುರುತ್ತವೆ. ಕಿವಿಯ ಮೇಲಿನ ಹಾಲೆಯಲ್ಲೇ ಉಳಿದರೆ ಶೂನ್ಯ ನೋಟ, ಇಲ್ಲದ ವಾಸನೆ, ತುಟಿ ಚಪ್ಪರಿಸುವುದು ಮಾತ್ರ ಕಾಣುತ್ತದೆ. ಇದನ್ನು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿ ವರ್ಷ ಕಳೆದವರಿದ್ದಾರೆ. ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಬಾಯಿಗೆ ಏನೂ ತುರುಕಬೇಡಿ. ಐದು ನಿಮಿಷ ದಾಟಿದರೆ, ಒಂದರ ಹಿಂದೊಂದು ಬಂದರೆ ಆಸ್ಪತ್ರೆಗೆ. ಮಾತ್ರೆಯನ್ನು ವೈದ್ಯರು ಹೇಳದೆ ನಿಲ್ಲಿಸಬೇಡಿ. ಸೊಪ್ಪು, ಗಜ್ಜರಿಯನ್ನು ಚೆನ್ನಾಗಿ ತೊಳೆದು ತಿನ್ನಿ. ಮಲಿನ ನೀರಿನಿಂದ ಅವಕ್ಕೆ ಅಂಟುವ ಹಂದಿಯ ಲಾಡಿಹುಳುವಿನ ಮೊಟ್ಟೆ ಮೆದುಳು ಸೇರಿ ಗಂಟಾಗುವುದು ನಮ್ಮ ದೇಶದಲ್ಲಿ ಫಿಟ್ಸ್‌ಗೆ ದೊಡ್ಡ ಕಾರಣಗಳಲ್ಲೊಂದು.

ಈ ವಿಷಯದಲ್ಲಿ ನಮ್ಮ ಸೀಮೆ ದೇಶಕ್ಕೆ ದಾರಿ ತೋರಿಸಿದೆ, ಅದು ಇಲ್ಲಿಯವರಿಗೇ ಹೆಚ್ಚು ಗೊತ್ತಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆ ಮತ್ತು ಫಿಟ್ಸ್‌ಗೆ ಊರ ಹತ್ತಿರವೇ ಮಾತ್ರೆ ಸಿಗುವಂತೆ ಮಾಡಿ ನೋಡಿತು. ಆ ‘ಬಳ್ಳಾರಿ ಮಾದರಿ’ಯ ಮೇಲೆಯೇ 1996ರಲ್ಲಿ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಇವತ್ತು ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಆ ವಿಭಾಗ ಇದ್ದರೆ, ಅದರ ಬೇರು ಇಲ್ಲಿಯದೇ. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಬೈಕಿನಿಂದ ಬಿದ್ದವರು ಎದ್ದು ಮಾತಾಡಿದರೆ ಭಯವಿಲ್ಲವೇ?

ಭಯವಿದೆ. ಕಪಾಲದ ಬದಿಯ ಎಲುಬು ತೆಳು, ಅದರ ಒಳಮಗ್ಗುಲಲ್ಲಿ ಒಂದು ರಕ್ತನಾಳ ಹಾದುಹೋಗುತ್ತದೆ. ಅದು ಹರಿದರೆ ರಕ್ತ ಮೆಲ್ಲಗೆ ಸೇರುತ್ತಾ ಒಂದೆರಡು ಗಂಟೆಯ ನಂತರ ಮೆದುಳನ್ನು ಒತ್ತುತ್ತದೆ. ಬಿದ್ದವರು ಎದ್ದು, ಚಹಾ ಕುಡಿದು, ಮನೆಗೆ ಹೋಗಿ ಮಲಗಿ ಏಳದೇ ಹೋಗುವುದು ಹೀಗೆ. ತಲೆನೋವು ಏರುತ್ತಿದ್ದರೆ, ವಾಂತಿಯಾದರೆ, ಮಂಪರು ಹತ್ತಿದರೆ, ಒಂದು ಕಣ್ಣಿನ ಪಾಪೆ ದೊಡ್ಡದಾದರೆ ಕೂಡಲೇ ಸ್ಕ್ಯಾನ್ ಆಗಬೇಕು. ಐ.ಎಸ್.ಐ. ಗುರುತಿನ ಹೆಲ್ಮೆಟ್ ಹಾಕಿ, ಗದ್ದದ ಪಟ್ಟಿ ಬಿಗಿಯಿರಿ.

ಮೆದುಳಿಗೆ ನೋವೇ ಆಗುವುದಿಲ್ಲವಂತೆ, ಮತ್ತೆ ತಲೆನೋವು?

ಮೆದುಳಿನ ಒಳಗೆ ನೋವು ಗ್ರಹಿಸುವ ನರತುದಿಗಳಿಲ್ಲ, ನಿಜ. ನೋಯುವುದು ಅದರ ಹೊದಿಕೆ, ರಕ್ತನಾಳ, ತಲೆ ಕುತ್ತಿಗೆಯ ಸ್ನಾಯು. ಹುಟ್ಟಾ ಕಂಡಿರದಷ್ಟು ಜೋರಾದ ತಲೆನೋವು ಒಮ್ಮೆಲೇ ಸಿಡಿದರೆ ಮಾತ್ರೆ ನುಂಗಿ ಕಾಯಬೇಡಿ.

ಕೈ ನಡುಗುವುದು ನರದೌರ್ಬಲ್ಯವೇ?

ಸುಮ್ಮನಿದ್ದ ಕೈ ನಡುಗುವುದು, ನಡಿಗೆ ನಿಧಾನವಾಗುವುದು, ಅಕ್ಷರ ಸಣ್ಣದಾಗುತ್ತಾ ಹೋಗುವುದು ಪಾರ್ಕಿನ್ಸನ್ ಕಾಯಿಲೆ ಇರಬಹುದು. ಮಧ್ಯಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಕಪ್ಪು ಬಣ್ಣದ ಕೋಶಗಳು ಸಾಯುವುದು ಇದಕ್ಕೆ ಕಾರಣ. ಔಷಧಿ ಇದೆ. ‘ನರದ ಟಾನಿಕ್’ಗೆ ಹಣ ಸುರಿಯುವ ಬದಲು ನರರೋಗ ತಜ್ಞರಿಗೆ ತೋರಿಸಿ.

ನಾವು ಮೆದುಳಿನ ಹತ್ತರಲ್ಲೊಂದು ಪಾಲು ಮಾತ್ರ ಬಳಸುತ್ತೇವಂತೆ? ಭೇಜಾ ತಿಂದರೆ ಬುದ್ಧಿ ಹೆಚ್ಚುತ್ತದೆಯೇ?

ಎರಡೂ ಸುಳ್ಳು. ಸುಮ್ಮನಿರುವ ಒಂಬತ್ತು ಪಾಲು ಇದ್ದಿದ್ದರೆ ಅಲ್ಲಿ ಲಕ್ವ ಹೊಡೆದರೂ ಏನೂ ಆಗಬಾರದಿತ್ತು. ಭೇಜಾ ಹೊಟ್ಟೆಯಲ್ಲಿ ಉಳಿದ ಮಾಂಸದಂತೆಯೇ ಜೀರ್ಣವಾಗುತ್ತದೆ, ಕೊಲೆಸ್ಟ್ರಾಲ್ ಮಾತ್ರ ಬಹಳ. ಮಕ್ಕಳ ಮೆದುಳಿಗೆ ನಿಜವಾಗಿ ಬೇಕಾದದ್ದು ತಾಯಿ ಬಸಿರಾಗುವ ಮೊದಲಿನಿಂದಲೇ ಫೋಲಿಕ್ ಆಮ್ಲ, ಮನೆಯಲ್ಲಿ ಅಯೋಡಿನ್ ಉಪ್ಪು, ರಕ್ತಹೀನತೆ ಇಲ್ಲದಿರುವುದು. ಭ್ರೂಣದ ನರಕೊಳವೆ ಮುಚ್ಚಿಕೊಳ್ಳುವುದು ಮೊದಲ ನಾಲ್ಕು ವಾರದೊಳಗೆ, ಎಷ್ಟೋ ಹೆಣ್ಣುಮಕ್ಕಳಿಗೆ ಆಗಿನ್ನೂ ಬಸಿರು ಎಂದೇ ಗೊತ್ತಿರುವುದಿಲ್ಲ.

ಮನುಷ್ಯನ ಮೆದುಳನ್ನು ಎಲ್ಲಿ ನೋಡಬಹುದು?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಸಂಗ್ರಹಾಲಯವಿದೆ. ದಾನವಾಗಿ ಬಂದ ಮೆದುಳುಗಳನ್ನು ಜಾಡಿಗಳಲ್ಲಿ ಇಟ್ಟಿದ್ದಾರೆ. ಆರೋಗ್ಯವಂತ ಮೆದುಳು, ಲಕ್ವ ಹೊಡೆದದ್ದು, ಏಟು ಬಿದ್ದದ್ದು, ಹುಳುವಿನ ಗಂಟಿರುವುದು ಎಲ್ಲವನ್ನೂ ಅಕ್ಕಪಕ್ಕ ನೋಡಬಹುದು. ಶಾಲೆಯಿಂದ ಬೆಂಗಳೂರು ಪ್ರವಾಸ ಹಾಕಿಕೊಂಡವರು ಇದನ್ನೂ ಸೇರಿಸಿಕೊಳ್ಳಿ. ಯಾವ ದಿನ, ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂದು ಮೊದಲೇ ಫೋನ್ ಮಾಡಿ ಕೇಳಿ, ಶಾಲೆಯ ಪತ್ರ ಒಯ್ಯಿರಿ. ಹತ್ತಿರದ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲೂ ಮಾದರಿಗಳಿರುತ್ತವೆ. ಮುಖ್ಯ ಶಿಕ್ಷಕರ ಮೂಲಕ ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟು ಕೇಳಿ ನೋಡಿ.